ಅಪ್ಪನ ಅಡ್ವಾನ್ಸ್ ಪುಸ್ತಕ

ನನ್ನ ಅಪ್ಪ ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯೋ ರೈಟರ್ ಆಗಿದ್ದರು. ಲೈನ್ ಮನೆಯವರು, ಅಂದರೆ ಮಾಲೀಕರು ಆಳುಗಳಿಗೆ ಅಂತ ತೋಟದಲ್ಲಿ ಕಟ್ಟಿಸಿದ ಸಾಲು ಮನೆಗಳಲ್ಲಿ ಇರೋರು, ಯಾರು ಎಷ್ಟು ಅಡ್ವಾನ್ಸ್ ತಗೊಂಡರು ಅಂತ ಬರೆದಿಡೋ ಪುಸ್ತಕ ಅವರ ಹತ್ತಿರ ಇರುತ್ತಿತ್ತು. ದೊಡ್ಡವಳಾದ ಮೇಲೆ ಒಂದು ದಿನ ಅದನ್ನು ತೆಗೆದು ಓದಿದೆ. ಹಬ್ಬಕ್ಕೆ, ಮದುವೆಗೆ ಅಂತ ಇದ್ದದ್ದು ಕಮ್ಮಿ. ಆಸ್ಪತ್ರೆ ಖರ್ಚೇ ಜಾಸ್ತಿ. ಜ್ವರ, ಹೆರಿಗೆ, ಮರಗಸಿ ಮಾಡುವಾಗ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವಾಗ, ಬಿದ್ದು ಮುರಿದ ಕಾಲು. ತೋಟದ ಕೆಲಸದಲ್ಲಿ ಕಾಲು ಮುರಿದರೆ ಅದೂ ಆಳಿನ ತಲೆ ಮೇಲೆ ಸಾಲ! ಆ ಅಕ್ಷರ ಅಪ್ಪನದು ಅನ್ನೋದು ನನಗೆ ಇವತ್ತಿಗೂ ನೋವು.

ಸಾಲ ತೀರದೆ ಬೇರೆ ತೋಟಕ್ಕೆ ಹೋಗುವ ಹಾಗಿಲ್ಲ. ಹೋದರೆ ಇರೋ ಮನೆಯೂ ಹೋಯಿತು. ಇದು ಜೀತವೇ ಅಲ್ವಾ? ಮುಂಗಡದ ಹೆಸರಲ್ಲಿ ಆಳನ್ನು ಹಿಡಿದಿಟ್ಟರೆ ಅದು ಜೀತ, ಆ ಸಾಲ ತೀರಿಸಬೇಕಾಗಿಯೇ ಇಲ್ಲ ಅಂತ 1976ರ ಕಾಯ್ದೆ ಹೇಳುತ್ತದೆ. ದೊಡ್ಡ ತೋಟಗಳಲ್ಲಿ ಕಾರ್ಮಿಕರ ಮನೆ, ನೀರು, ಚಿಕಿತ್ಸೆ ಮಾಲೀಕರ ಹೊಣೆ ಅಂತ 1951ರಲ್ಲೇ ಕಾಯ್ದೆ ಬಂದಿತ್ತು. ಇದನ್ನೆಲ್ಲ ಲೈನ್ ಮನೆಯ ಜಗಲಿಯಲ್ಲಿ ಕೂತು ತಿಳಿಸಿ ಹೇಳಿದವರು, ಅರ್ಜಿ ಬರೆದುಕೊಟ್ಟವರು ಸಂಘಟನೆಯ ಹುಡುಗರು.

ನಮ್ಮ ಕೊಡಗಿನದೇ ಊರು ದಿಡ್ಡಳ್ಳಿ ನೆನಪಿದೆಯಾ? ಲೈನ್ ಮನೆ ಬಿಟ್ಟು ಬಂದ ಆದಿವಾಸಿಗಳು, ಯರವರು, ಜೇನು ಕುರುಬರು, ಅಲ್ಲಿ ಕಾಡಂಚಿನಲ್ಲಿ ಗುಡಿಸಲು ಹಾಕಿಕೊಂಡಿದ್ದರು. 2016ರ ಡಿಸೆಂಬರ್‌ನಲ್ಲಿ ಅರಣ್ಯ ಇಲಾಖೆ 577 ಕುಟುಂಬಗಳ ಗುಡಿಸಲು ಕೆಡವಿತು. ಆ ಚಳಿಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಬಯಲಲ್ಲೇ ಕೂತರು, ಜಾಗ ಬಿಡಲಿಲ್ಲ. ಕೊಯ್ಲಿನ ಹೊತ್ತಲ್ಲಿ ಇದೆಂಥ ಗಲಾಟೆ ಅಂತ ನಮ್ಮ ಕಡೆ ಬೈದವರೇ ಜಾಸ್ತಿ. ಕೊನೆಗೆ ಕುಶಾಲನಗರದ ಕಡೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಅವರಿಗೆ ಸರ್ಕಾರದ ಮನೆ ಸಿಕ್ಕಿತು.

ಸೂರಿಗಾಗಿ ಅಷ್ಟು ಹಟ ಯಾಕೆ ಅಂತ ನನಗೂ ಆಗ ಗೊತ್ತಾಗಿರಲಿಲ್ಲ. ಪುಸ್ತಕ ಓದಿದ ಮೇಲೆ ಗೊತ್ತಾಯಿತು. ಸ್ವಂತ ಮನೆ ಇದ್ದವರು ಗ್ಲೌಸ್ ಕೊಡದಿದ್ದರೆ ಗಿಡಕ್ಕೆ ಮದ್ದು ಹೊಡೆಯಲ್ಲ ಅನ್ನಬಹುದು, ಮೈ ಸರಿ ಇಲ್ಲದ ದಿನ ಮಲಗಬಹುದು, ಕೂಲಿ ಸರಿ ಕೊಡದ ತೋಟಕ್ಕೆ ನಾಳೆಯಿಂದ ಬರಲ್ಲ ಅಂದು ಎದ್ದು ಹೋಗಬಹುದು, ರಾತ್ರಿ ಬಂದು ಸಾಮಾನು ಹೊರಗೆ ಎಸೆಯೋಕೆ ಯಾರಿಗೂ ಆಗಲ್ಲ.

ಈಗ ಅದೇ ಲೈನ್ ಮನೆಗಳಿಗೆ ಅಸ್ಸಾಂ ಕಡೆಯವರು ಬಂದಿದ್ದಾರೆ. ಅವರ ಭಾಷೆ ಬಲ್ಲವರು ನಮ್ಮ ಸಂಘಟನೆಗಳಲ್ಲಿ ಕಮ್ಮಿ, ಅದು ಬೇಗ ಸರಿಯಾಗಬೇಕು. ಮೊನ್ನೆ ಒಬ್ಬ ಹೆಂಗಸು ಮಗುವಿಗೆ ಜ್ವರ ಅಂತ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದರು. ಅಡ್ವಾನ್ಸ್ ಎಷ್ಟಿದೆ ಅಂತ ನನ್ನ ಹರಕು ಹಿಂದಿಯಲ್ಲಿ ಕೇಳಿದೆ. ನನಗೆ ಗೊತ್ತಿಲ್ಲ, ಮೇಸ್ತ್ರಿಗೆ ಗೊತ್ತು ಅಂದರು.