ಅರ್ಧ ವಚನ

ಚರ್ಚಿನಲ್ಲಿ ಎಷ್ಟೋ ಮದುವೆ ಬೋಧನೆಗಳಲ್ಲಿ ಬೈಬಲಿನ 1 ಕೊರಿಂಥ 7:4ರ (ಕೊರಿಂಥ ಊರಿನ ಕ್ರೈಸ್ತರಿಗೆ ಅಪೊಸ್ತಲ ಪೌಲ ಬರೆದ ಪತ್ರ) ಮೊದಲರ್ಧವಷ್ಟೇ ಜೋರಾಗಿ ಕೇಳಿಸುತ್ತೆ: ಹೆಂಡತಿಯ ದೇಹದ ಮೇಲೆ ಗಂಡನಿಗೆ ಅಧಿಕಾರ. ಉಳಿದರ್ಧ ಗಂಡನ ದೇಹದ ಮೇಲೆ ಹೆಂಡತಿಗೂ ಅಷ್ಟೇ ಅಧಿಕಾರ ಕೊಡುತ್ತೆ. ಕ್ರಿ.ಶ. 55ರ ಸುಮಾರಿನ ರೋಮನ್ ಕೊರಿಂಥಕ್ಕೆ ಇದು ಸಣ್ಣ ಮಾತಲ್ಲ. 3ನೇ ವಚನದಲ್ಲೂ ಪೌಲ ಮೊದಲು ಗಂಡನಿಗೇ ಹೇಳೋದು, ಹೆಂಡತಿಗೆ ಸಲ್ಲಬೇಕಾದ್ದನ್ನು ಸಲ್ಲಿಸು ಅಂತ.

ಇನ್ನು ತಪಸ್ಸುಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ಗಂಡ ಹೆಂಡತಿ ದೂರ ಇರೋ ವಿಷಯ. 5ನೇ ವಚನದ ಷರತ್ತು ಮೂರು: ಇಬ್ಬರ ಒಪ್ಪಿಗೆ, ಇಂತಿಷ್ಟೇ ದಿನ, ಪ್ರಾರ್ಥನೆಗಾಗಿ. ಆಮೇಲೆ ಮತ್ತೆ ಕೂಡಬೇಕು. ಎಡವಟ್ಟಾಗೋದು ಮೊದಲನೆಯದರಲ್ಲೇ, ಒಬ್ಬರೇ ಹರಕೆ ಹೊತ್ತು ಬಂದು ಇನ್ನೊಬ್ಬರಿಗೆ ಸುದ್ದಿ ಮುಟ್ಟಿಸಿದರೆ ಒಪ್ಪಿಗೆ ಎಲ್ಲಿಂದ ಬಂತು? ಮುನಿಸಿಕೊಂಡು ಗೋಡೆ ಕಡೆ ತಿರುಗಿ ಮಲಗಿದ್ದಕ್ಕೆ ಉಪವಾಸ ಅಂತ ಹೆಸರಿಡೋದು ಬೇರೆ! 6ನೇ ವಚನದಲ್ಲಿ ಪೌಲನೇ ಹೀಗೆ ದೂರ ಇರೋದನ್ನು ಅನುಮತಿ ಅಂದಿದ್ದಾನೆ, ಆಜ್ಞೆ ಅಂದಿಲ್ಲ.