ಒಬ್ಬಳೇ ಬರೆದಿದ್ದಾ?

ಹೌದು, ಇಂಗ್ಲೆಂಡಿನ ಮಕ್ಕಳ ಲೇಖಕಿ ಎನಿಡ್ ಬ್ಲೈಟನ್ ತನ್ನ ಪುಸ್ತಕಗಳನ್ನೆಲ್ಲ ಒಬ್ಬಳೇ ಬರೆದಿದ್ದು. ಉತ್ತರ ಇಷ್ಟೇ. ಅವಸರ ಇರುವವರು ಇಲ್ಲಿಗೇ ನಿಲ್ಲಿಸಬಹುದು.

ಮೈಸೂರಿನ ಒಂದು ಬಡಾವಣೆಯಲ್ಲಿ 26 ವರ್ಷದಿಂದ ಬಾಡಿಗೆ ಪುಸ್ತಕದ ಲೈಬ್ರರಿ ನಡೆಸುತ್ತಿದ್ದೇನೆ. ಮಕ್ಕಳ ಕಪಾಟಿನಲ್ಲಿ ಮೂರು ಹಲಗೆ ಪೂರ್ತಿ ಎನಿಡ್ ಬ್ಲೈಟನ್. ಮಕ್ಕಳು ಅದರ ಮುಂದೆ ನೆಲದ ಮೇಲೇ ಕೂತುಬಿಡುತ್ತಾರೆ. ಕರೆದುಕೊಂಡು ಬಂದ ಅಪ್ಪನೋ ತಾತನೋ ಮಾಡಲು ಬೇರೆ ಕೆಲಸ ಇಲ್ಲದೆ ಪುಸ್ತಕದ ಬೆನ್ನು ಎಣಿಸುತ್ತಾ ನಿಲ್ಲುತ್ತಾರೆ. ಆಮೇಲೆ ಕೌಂಟರಿಗೆ ಬಂದು ಅದೇ ಪ್ರಶ್ನೆ. "ಮೇಡಂ, ಇಷ್ಟೂ ಈಕೆ ಒಬ್ಬಳೇ ಬರೆದಿದ್ದಾ? ಯಾರ್ಯಾರೋ ಬರೆದುಕೊಡ್ತಿದ್ರಂತಲ್ಲ?"

ಆ "ಅಂತಲ್ಲ" ಇದೆಯಲ್ಲ, ಅದಕ್ಕೇ ನನಗೆ ಮೈ ಉರಿಯುವುದು. ಯಾರು ಹೇಳಿದ್ದು ಅಂತ ಕೇಳಿದರೆ ಯಾರೂ ಇಲ್ಲ. ನಮ್ಮ ಅ.ನ.ಕೃ. ನೂರಕ್ಕೂ ಜಾಸ್ತಿ ಕಾದಂಬರಿ ಬರೆದರು. ಎನ್. ನರಸಿಂಹಯ್ಯನವರು ಪತ್ತೇದಾರಿ ಕಾದಂಬರಿಗಳನ್ನು ನೂರುಗಟ್ಟಲೆ ಬರೆದರು. ಅವರ ಪುಸ್ತಕಗಳೂ ನನ್ನ ಅಂಗಡಿಯಲ್ಲೇ ಇವೆ. "ಅವರ ಮನೆಯವರು ಬರೆದುಕೊಡ್ತಿದ್ರಂತಲ್ಲ" ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.

ಎರಡು ವರ್ಷದ ಹಿಂದೆ ನಾದಿನಿಯ ಮಗಳ ಮದುವೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತವರು ಗಂಡಿನ ಕಡೆಯವರು, ರಿಟೈರ್ಡ್ ಎಂಜಿನಿಯರ್. ನಾನು ಲೈಬ್ರರಿಯವಳು ಅಂತ ಯಾರೋ ಹೇಳಿದ್ದೇ ತಪ್ಪಾಯಿತು. ಕೋಸಂಬರಿ ಬಡಿಸುವ ಹೊತ್ತಿಗೆ ಶುರುವಾಯಿತು.

"700 ಪುಸ್ತಕ ಅಂತ ಓದಿದೀನಿ. 40 ವರ್ಷ ಅಂತಿಟ್ಕೊಳ್ಳಿ. ವರ್ಷಕ್ಕೆ ಹದಿನೇಳೂವರೆ. ಅಂದ್ರೆ ಮೂರು ವಾರಕ್ಕೊಂದು ಪುಸ್ತಕ. ಹೆಂಗಸು. ಮನೆ, ಎರಡು ಮಕ್ಕಳು. ಇಂಪಾಸಿಬಲ್ ಕಣಮ್ಮಾ. ಗಂಡ ಪಬ್ಲಿಷರ್ ಹತ್ರ ಇದ್ನಂತಲ್ಲ, ಅವನೇ ಬರೆಸಿರ್ತಾನೆ."

ಎಲೆಯ ತುದಿಯಲ್ಲಿ ನೀರಿನ ಹನಿಯಿಂದ ಭಾಗಾಕಾರ ಮಾಡಿ ತೋರಿಸಿದರು. ಲೆಕ್ಕ ಸರಿಯಾಗಿಯೇ ಇತ್ತು. ಅದೇ ಸಿಟ್ಟು ಬರಿಸಿದ್ದು.

ಅಲ್ಲಿ ಹೇಳಲು ಆಗದ್ದನ್ನು ಇಲ್ಲಿ ಹೇಳುತ್ತೇನೆ. ಆಗ ಬಾಯಲ್ಲಿ ಒಬ್ಬಟ್ಟಿತ್ತು.

ಮೊದಲನೆಯದಾಗಿ, ಮನೆ ಮಕ್ಕಳನ್ನು ಆಕೆ ನೋಡಿಕೊಳ್ಳುತ್ತಲೇ ಇರಲಿಲ್ಲ. ಅದಕ್ಕೆ ಆಳುಗಳಿದ್ದರು, ದಾದಿಯಿದ್ದಳು. ತಿಂಡಿ ಆದ ಕೂಡಲೇ ಆಕೆ ತೊಡೆಯ ಮೇಲೆ ಸಣ್ಣ ಟೈಪ್‌ರೈಟರ್ ಇಟ್ಟುಕೊಂಡು ಕೂರುತ್ತಿದ್ದಳು. ಪಕ್ಕದಲ್ಲಿ ಮೊರೊಕ್ಕೊದ ಒಂದು ಕೆಂಪು ಶಾಲು. ಕೆಂಪು ಬಣ್ಣ ಕಂಡರೆ ತಲೆ ಚುರುಕಾಗುತ್ತದೆ ಅನ್ನುವ ನಂಬಿಕೆ. ಮಧ್ಯಾಹ್ನ ಊಟಕ್ಕೆ ಒಂದಿಷ್ಟು ಹೊತ್ತು ಬಿಟ್ಟರೆ ಸಂಜೆ ಐದರವರೆಗೂ ಟೈಪ್. ದಿನಕ್ಕೆ 6,000ದಿಂದ 10,000 ಪದ. ಈ ಲೆಕ್ಕದಲ್ಲಿ ನಾಲ್ಕು ಮಕ್ಕಳು, ಒಂದು ನಾಯಿಯ ಸಾಹಸದ ಫೇಮಸ್ ಫೈವ್ ಸರಣಿಯ ಒಂದು ಪುಸ್ತಕ ಅಂದರೆ ಸುಮಾರು ಒಂದು ವಾರದ ಕೆಲಸ. 700ರಲ್ಲಿ ಎಷ್ಟೋ ಪುಸ್ತಕಗಳು ಚಿಕ್ಕ ಮಕ್ಕಳ ತೆಳು ಪುಸ್ತಕಗಳು ಬೇರೆ. ಮೂರು ವಾರಕ್ಕೊಂದು ಹೇಗೆ ಬರೆದಳು ಅಂತಲ್ಲ, ಉಳಿದ ಎರಡು ವಾರ ಏನು ಮಾಡುತ್ತಿದ್ದಳು ಅಂತ ಎಂಜಿನಿಯರ್ ಸಾಹೇಬರು ಕೇಳಬೇಕಿತ್ತು. ಅದಕ್ಕೂ ಉತ್ತರ ಇದೆ. ವರ್ಷಗಟ್ಟಲೆ ಮಕ್ಕಳ ಪತ್ರಿಕೆ ನಡೆಸುತ್ತಿದ್ದಳು, ಮಕ್ಕಳ ಕಾಗದಗಳಿಗೆ ಕೈಯಾರೆ ಉತ್ತರ ಬರೆಯುತ್ತಿದ್ದಳು.

ಇನ್ನು ಗಂಡ. ಮೊದಲ ಗಂಡ ಹ್ಯೂ ಪೊಲ್ಲಾಕ್ ಪ್ರಕಾಶನ ಸಂಸ್ಥೆಯಲ್ಲಿ ಸಂಪಾದಕ ಆಗಿದ್ದದ್ದು ನಿಜ. ಕೈಯಲ್ಲಿ ಬರೆಯುತ್ತಿದ್ದವಳಿಗೆ ಟೈಪ್‌ರೈಟರ್ ಹಿಡಿಸಿದ್ದೂ ಅವನೇ. ಅಷ್ಟಕ್ಕೆ ಅವನ ಪಾಲು ಮುಗಿಯಿತು. ಎರಡನೇ ಗಂಡ ಸರ್ಜನ್. ಅವನೂ ಬರೆದುಕೊಟ್ಟ ಅನ್ನುತ್ತೀರಾದರೆ ಡಾಕ್ಟರ ಕೈಬರಹ ನಿಮಗೆ ಗೊತ್ತೇ ಇದೆ.

ಈ ಪುಕಾರು ಹೊಸದೇನೂ ಅಲ್ಲ. ಆಕೆ ಬದುಕಿದ್ದಾಗಲೇ ಇತ್ತು. ದಕ್ಷಿಣ ಆಫ್ರಿಕಾದಲ್ಲಿ ಒಬ್ಬ ಹುಡುಗಿ ಇದನ್ನೇ ಹೇಳಿಕೊಂಡು ತಿರುಗುತ್ತಿದ್ದಾಳೆ ಅಂತ ಗೊತ್ತಾದಾಗ ಬ್ಲೈಟನ್ ಕೋರ್ಟ್ ಮೆಟ್ಟಿಲು ಹತ್ತಿದಳು. 1955ರಲ್ಲಿ ಬಹಿರಂಗವಾಗಿ ಕೋರ್ಟಿನಲ್ಲೇ ಕ್ಷಮೆ ಕೇಳಿಸಿದಳು. ಆ ಹುಡುಗಿ ಯಾರು ಅಂದುಕೊಂಡಿರಿ? ಲೈಬ್ರೇರಿಯನ್. ನನ್ನದೇ ಕಸುಬು. ನಮ್ಮವರೇ ಮಾಡಿದ ಗಲಾಟೆಗೆ ನಾನು ಇವತ್ತಿಗೂ ಕೌಂಟರಿನಲ್ಲಿ ಕೂತು ದಂಡ ಕಟ್ಟುತ್ತಿದ್ದೇನೆ.

ಈಚೆಗೆ ಅಮ್ಮಂದಿರು ಇನ್ನೊಂದು ಕೇಳುತ್ತಾರೆ. ಆಕೆಯ ಪುಸ್ತಕದಲ್ಲಿ ಕರಿಯರನ್ನು, ಹೊರಗಿನವರನ್ನು ಕೆಟ್ಟದಾಗಿ ತೋರಿಸಿದ್ದಾಳಲ್ಲ, ಮಕ್ಕಳಿಗೆ ಕೊಡಬಹುದಾ ಅಂತ. ತೋರಿಸಿದ್ದಾಳೆ, ಸುಳ್ಳು ಹೇಳಲ್ಲ. ನಾಡಿ (Noddy) ಅನ್ನುವ ಆಕೆಯ ಮರದ ಬೊಂಬೆಯ ಹಳೇ ಪುಸ್ತಕವೊಂದರಲ್ಲಿ ಅವನ ಕಾರು ಕದಿಯುವವರು ಕಪ್ಪು ಮುಖದ ಬೊಂಬೆಗಳು. 1980ರ ದಶಕದಲ್ಲಿ ಆ ಬೊಂಬೆಗಳನ್ನು ತೆಗೆದು ಗಾಬ್ಲಿನ್ ಅನ್ನುವ ಕುಳ್ಳ ಭೂತಗಳನ್ನು ಹಾಕಿದರು. "ಆ ಕಾಲವೇ ಹಾಗಿತ್ತು ಬಿಡಿ" ಅಂತ ನಾನೂ ಮೊದಲು ಹೇಳುತ್ತಿದ್ದೆ. ಆದರೆ 1960ರಲ್ಲೇ ಮ್ಯಾಕ್‌ಮಿಲನ್ ಪ್ರಕಾಶನದವರು ಆಕೆಯ ಒಂದು ಕಾದಂಬರಿಯನ್ನು ವಾಪಸ್ ಕಳಿಸಿದ್ದರು. ಪರದೇಶದವರ ಬಗ್ಗೆ ಇದರಲ್ಲಿ ಹಳೇ ಕಾಲದ ಅಸಹನೆಯ ವಾಸನೆ ಇದೆ ಅಂತ ಅದನ್ನು ಓದಿದವರು ಬರೆದಿದ್ದರಂತೆ. ಅಂದರೆ ಆ ಕಾಲದವರಿಗೂ ಮೂಗಿತ್ತು. ಅವತ್ತಿಂದ ಆ ಮಾತು ಬಿಟ್ಟೆ. ನನ್ನಲ್ಲಿರುವ ಹಳೇ ನಾಡಿ ಕೌಂಟರಿನ ಕೆಳಗಿದೆ, ಬಾಡಿಗೆಗೆ ಕೊಡುವುದಿಲ್ಲ.

ನಾಡಿ ಅಂದಾಗ ನೆನಪಾಯಿತು. ನಮ್ಮ ಅರ್ಧ ಮಕ್ಕಳು ಅದನ್ನು "ನೋಡಿ" ಅಂತಲೇ ಓದುವುದು. ಒಂದು ಪುಟ್ಟ ಹುಡುಗ ಬಂದು "ಆಂಟಿ, ನೋಡಿ ಕೊಡಿ" ಅಂದ. "ನೋಡೇ ಕೊಡೋದು ಮರಿ, ಯಾವ ಪುಸ್ತಕ?" ಅಂದೆ. "ನೋಡಿ!" ಅಂತ ಕಿರುಚಿದ. "ನೋಡ್ತಾ ಇದೀನಪ್ಪಾ!" ಅಂತ ನಾನೂ ಕಿರುಚಿದೆ. ಐದು ನಿಮಿಷ ಹೀಗೇ ನಡೆಯಿತು.

ಈ 26 ವರ್ಷದಲ್ಲಿ ಬ್ಲೈಟನ್ ಬಗ್ಗೆ ಸರಿಯಾದ ಪ್ರಶ್ನೆ ಕೇಳಿದ್ದು ಒಂದೇ ಒಂದು ಹುಡುಗಿ. ಒಂಬತ್ತು ವರ್ಷ ಇರಬಹುದು. ಫೇಮಸ್ ಫೈವ್ ಮೊದಲನೇ ಪುಸ್ತಕ ವಾಪಸ್ ಕೊಡುತ್ತಾ, "ಆಂಟಿ, ಇವ್ರ ಅಪ್ಪ ಅಮ್ಮ ಯಾಕೆ ಯಾವಾಗ್ಲೂ ಊರಲ್ಲಿ ಇರಲ್ಲ?" ಅಂದಳು.

ನಿಜ ಅಲ್ವಾ? ಆ ಪುಸ್ತಕ ಶುರುವಾಗುವುದೇ ಅಪ್ಪ ಅಮ್ಮ ಇಬ್ಬರೇ ಸ್ಕಾಟ್ಲೆಂಡಿಗೆ ಹೊರಡುವುದರಿಂದ. ಮಕ್ಕಳನ್ನು ಚಿಕ್ಕಪ್ಪನ ಮನೆಗೆ ಸಾಗಹಾಕುತ್ತಾರೆ. ದೊಡ್ಡವರಿದ್ದರೆ ಮಕ್ಕಳು ಸಾಹಸ ಮಾಡಲು ಬಿಡ್ತಾರಾ ಪುಟ್ಟಾ, ಅದಕ್ಕೇ ಕಳಿಸಿಬಿಟ್ಟಿದ್ದಾರೆ ಅಂದೆ. ಹುಡುಗಿ ಒಪ್ಪಲಿಲ್ಲ. ನಾನೂ ಒಪ್ಪಿರಲಿಲ್ಲ.

ಬ್ಲೈಟನ್ ಹುಟ್ಟಿದ್ದು 1897ರಲ್ಲಿ, ಲಂಡನ್ನಿನಲ್ಲಿ. ಅಪ್ಪ ಎಂದರೆ ಪ್ರಾಣ. ಆಕೆಗೆ 13 ತುಂಬುವ ಹೊತ್ತಿಗೆ ಆತ ಇನ್ನೊಬ್ಬ ಹೆಂಗಸಿಗಾಗಿ ಮನೆ ಬಿಟ್ಟು ಹೋದ. ಬೀದಿಯವರು ಕೇಳಿದರೆ "ಅಪ್ಪ ಊರಿಗೆ ಹೋಗಿದ್ದಾರೆ" ಅನ್ನಬೇಕು ಅಂತ ಅಮ್ಮ ಮಕ್ಕಳಿಗೆ ಹೇಳಿಕೊಟ್ಟಳು. ಮುಂದೆ ಅಪ್ಪ ಸತ್ತಾಗಲೂ ಅಮ್ಮ ಸತ್ತಾಗಲೂ ಬ್ಲೈಟನ್ ಮಣ್ಣಿಗೆ ಹೋಗಲಿಲ್ಲ.

ಹೇಗೆ ಬರೆಯುತ್ತೀರಿ ಅಂತ ಪೀಟರ್ ಮೆಕೆಲ್ಲರ್ ಎಂಬ ಮನಶ್ಶಾಸ್ತ್ರಜ್ಞರು 1953ರಲ್ಲಿ ಕಾಗದ ಬರೆದು ಕೇಳಿದ್ದರು. ಆಕೆ ಹೇಳಿದ್ದು ಇಷ್ಟು: ಕೆಲವು ನಿಮಿಷ ಕಣ್ಣು ಮುಚ್ಚುತ್ತೇನೆ, ಮನಸ್ಸು ಖಾಲಿ ಮಾಡಿಕೊಂಡು ಕಾಯುತ್ತೇನೆ, ನಿಜವಾದ ಮಕ್ಕಳಷ್ಟೇ ಸ್ಪಷ್ಟವಾಗಿ ನನ್ನ ಪಾತ್ರಗಳು ಎದುರಿಗೆ ಬಂದು ನಿಲ್ಲುತ್ತಾರೆ, ಒಳಗೊಂದು ಸಿನಿಮಾ ಓಡುತ್ತದೆ, ಕಂಡದ್ದನ್ನು ಟೈಪ್ ಮಾಡುತ್ತೇನೆ.

ಇದನ್ನು ಪ್ರತಿಭೆ ಅಂತ ಕೊಂಡಾಡುತ್ತಾರೆ. ಇರಲಿ. ನನಗೆ ಕಾಣುವುದು ಆ ಮುಚ್ಚಿದ ಕಣ್ಣು. ಹ್ಯೂ ಜೊತೆ ಡೈವೋರ್ಸ್ ಆದಾಗ ತಪ್ಪು ಅವನು ತನ್ನ ಮೇಲೆ ಹಾಕಿಕೊಂಡ, ಮಕ್ಕಳನ್ನು ನೋಡಲು ಬಿಡಬೇಕು ಅನ್ನುವ ಮಾತಿನ ಮೇಲೆ. ಆಕೆ ಬಿಡಲಿಲ್ಲ. ಇಬ್ಬರು ಹೆಣ್ಣುಮಕ್ಕಳ ಸರ್‌ನೇಮೂ ಹೊಸ ಗಂಡನದಾಯಿತು. ಸಿನಿಮಾದಿಂದ ಒಬ್ಬನನ್ನು ಕತ್ತರಿಸಿ ತೆಗೆದ ಹಾಗೆ. ಈಗ ಆ ಹೆಣ್ಣುಮಕ್ಕಳಿಗೂ ಅಪ್ಪ ಊರಲ್ಲಿಲ್ಲ. ದೊಡ್ಡವಳು ಗಿಲಿಯನ್ ಅಮ್ಮನನ್ನು ಪ್ರೀತಿಯಿಂದಲೇ ನೆನೆದಳು. ಚಿಕ್ಕವಳು ಇಮೋಜೆನ್, ಅಮ್ಮ ತಾಯಿತನದ ಗಂಧಗಾಳಿ ಇಲ್ಲದವಳು ಅಂತ ಬರೆದಳು. ಒಂದೇ ಮನೆ, ಒಂದೇ ಅಮ್ಮ.

ಮೂರು ವಾರಕ್ಕೊಂದು ಪುಸ್ತಕದ ಲೆಕ್ಕ ಕೇಳುವವರು ಈ ಲೆಕ್ಕ ಯಾಕೆ ಕೇಳುವುದಿಲ್ಲವೋ. ಕೇಳಿದರೆ ಕುರ್ಚಿ ಹಾಕಿ ಕೂರಿಸುತ್ತೇನೆ, ಕಾಫಿ ತರಿಸುತ್ತೇನೆ.

ಆ ಹುಡುಗಿ ಎರಡನೇ ನಂಬರ್ ಪುಸ್ತಕ ಬರೆಸಿಕೊಂಡು ಬಾಗಿಲವರೆಗೆ ಹೋಗಿ ತಿರುಗಿದಳು. "ಆಂಟಿ, ಸ್ಕಾಟ್ಲೆಂಡಿಗೆ ಹೋದವ್ರು ವಾಪಸ್ ಬಂದ್ರಾ?"

ನೆನಪಾಗಲಿಲ್ಲ. ನೋಡಿ ಹೇಳ್ತೀನಿ ಅಂದೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಹುಡುಗ ಆ ಮೊದಲನೇ ಪುಸ್ತಕವನ್ನು ಎತ್ತಿಕೊಂಡಾಗಿತ್ತು. ಚೀಟಿಯಲ್ಲಿ ಮಾರ್ಚ್ 4 ಅಂತ ಸೀಲ್ ಹೊಡೆದು ಕೊಟ್ಟೆ. ಇನ್ನೂ ವಾಪಸ್ ತಂದಿಲ್ಲ.