ಅವಳ ಭುಜ ನೋಡ್ಕೊಂಡು ಹಾಡಿದೆ

ಶನಿವಾರ ಸಂಜೆಯಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. "ಅವಳ ಭುಜ ನೋಡ್ಕೊಂಡು ಹಾಡಿದೆ ಮಾಮ." ಹೇಳಿದವಳು ಅಕ್ಕನ ಮಗಳು, 11 ವರ್ಷದವಳು. ಹೇಳಿ ತನ್ನ ಪಾಡಿಗೆ ಶೂ ಲೇಸ್ ಕಟ್ಟಿಕೊಳ್ಳೋಕೆ ಬಗ್ಗಿದಳು. ನಾನು ಮಾತ್ರ ನಿಂತಲ್ಲೇ ನಿಂತುಬಿಟ್ಟೆ.

ಅವತ್ತು ಅವರ ಸ್ಕೂಲ್ ಡೇ. ಸ್ಕೂಲ್ ಡೇ ಹೇಗಿರುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಮುಖ್ಯ ಅತಿಥಿ ಲೇಟು, ಭಾಷಣ ಜಾಸ್ತಿ, ಮುಂದಿನ ಸಾಲಿನವರ ಫೋನುಗಳ ಸಂದಿಯಲ್ಲಿ ಇಣುಕಿ ನೋಡಿದರೆ ಎಷ್ಟು ಕಂಡಿತೋ ಅಷ್ಟೇ ಕಾರ್ಯಕ್ರಮ. ಆರನೇ ಐಟಮ್ ಇವರ ನಾಟಕ. ಮಳೆ ಬಾರದ ಊರು, ಅಲ್ಲೊಬ್ಬ ರಾಜಕುಮಾರಿ, ಅವಳು ಹಾಡಿದರೆ ಮಳೆ ಬರುತ್ತೆ. ಕತೆ ಬರೆದದ್ದು ಅವರ ಮಿಸ್ಸೇ. ರಾಜಕುಮಾರಿಯ ಹಾಡು ಹಾಡಿದ್ದು ನಮ್ಮ ಪುಟ್ಟಿ. ರಾಜಕುಮಾರಿ ಆಗಿದ್ದು ಬೇರೆ ಹುಡುಗಿ.

ಯಾಕೆ ಅಂತ ನನಗೆ ಯಾರೂ ಹೇಳಲಿಲ್ಲ. ನಾನೇ ಊಹೆ ಮಾಡಿಕೊಂಡೆ. ಆ ಹುಡುಗಿಗೆ ಸೊಂಟ ದಾಟುವ ಜಡೆ, ಅಗಲ ಕಣ್ಣು. ನಮ್ಮವಳಿಗೆ ದಪ್ಪ ಕನ್ನಡಕ, ಹಲ್ಲಿಗೆ ತಂತಿ. "ಎಲ್ಲರಿಗೂ ಒಂದೊಂದು ಕೆಲಸ ಸಿಗಲಿ ಅಂತ ಮಿಸ್ ಹಂಗೆ ಮಾಡಿರ್ತಾರೆ ಬಿಡೋ" ಅಂದಳು ಅಕ್ಕ. ಅಕ್ಕ ಯಾವಾಗಲೂ ಹೀಗೇ. ಬೇರೆಯವರು ಇವಳ ಕಾಲು ತುಳಿದರೂ ಇವಳೇ ಸಾರಿ ಕೇಳುತ್ತಾಳೆ. ನನಗಂತೂ ಆ ಮಿಸ್ ಮೇಲೆ ಸಿಟ್ಟು ಬಂದಿತ್ತು.

ಹಾಡನ್ನು ರೆಕಾರ್ಡ್ ಮಾಡಿದ್ದು ಸ್ಟಾಫ್ ರೂಮಿನಲ್ಲಂತೆ. ಫ್ಯಾನ್ ಆಫ್ ಮಾಡಿ, ಕಿಟಕಿ ಹಾಕಿ, ನೋಟ್‌ಬುಕ್ಕುಗಳ ಅಟ್ಟಿ ಮೇಲೆ ಮಿಸ್ಸಿನ ಫೋನ್ ಇಟ್ಟು. ಬೆಲ್ ಹೊಡೆದಾಗಲೆಲ್ಲ ಮತ್ತೆ ಮೊದಲಿಂದ. ಏಳನೇ ಸಲಕ್ಕೆ ಸರಿ ಬಂತು. ಜಡೆ ಹುಡುಗಿ ಆ ಹಾಡನ್ನು ಮನೆಗೆ ಒಯ್ದು ಎರಡು ವಾರ ಕನ್ನಡಿ ಮುಂದೆ ನಿಂತು ಬಾಯಿ ಆಡಿಸಿ ಕಲಿತಳು.

ಪಲ್ಲವಿ, ಮೊದಲನೇ ಚರಣ ಚೆನ್ನಾಗೇ ಹೋಯಿತು. ಎರಡನೇ ಚರಣಕ್ಕೆ ಪೆನ್‌ಡ್ರೈವ್ ಕೈಕೊಟ್ಟಿತು. ಒಂದೇ ಅಕ್ಷರವನ್ನು ನಾಲ್ಕು ಸಲ ತೊದಲಿ ನಿಂತೇಹೋಯಿತು. ಆದರೆ ರಾಜಕುಮಾರಿ ನಿಲ್ಲಲಿಲ್ಲ. ಕೈ ಆಕಾಶಕ್ಕೆ ಎತ್ತಿದ್ದಾಳೆ, ತುಟಿ ಆಡುತ್ತಿದೆ, ಸದ್ದು ಮಾತ್ರ ಇಲ್ಲ. ಹಿಂದಿನ ಸಾಲಲ್ಲಿ ಯಾರೋ ಕಿಸಕ್ ಅಂದರು. "ಮೈಕ್ ಹೋಯ್ತು, ಮೈಕ್" ಅಂತ ಒಬ್ಬರು ಕೂಗಿದರು. ನಾನು ಕಣ್ಣು ಮುಚ್ಚಿಕೊಂಡೆ.

ಆಗ ಪಕ್ಕದ ಪರದೆ ಹಿಂದಿನಿಂದ ದನಿ ಬಂತು. ಮೊದಲ ಸಾಲಲ್ಲಿ ತುಟಿ ಮುಂದೆ, ದನಿ ಹಿಂದೆ. ಎರಡನೇ ಸಾಲಿಗೆ ಎರಡೂ ಒಂದಾದವು. ಎಷ್ಟು ಒಂದಾದವು ಅಂದರೆ, ಎಲ್ಲ ಗೊತ್ತಿದ್ದ ನನಗೇ ಒಂದು ಕ್ಷಣ ಅವಳೇ ಹಾಡ್ತಿದ್ದಾಳೆ ಅನ್ನಿಸಿತು. ಮೇಲಿಂದ ಬೆಳ್ಳಿ ಕಾಗದದ ಮಳೆ ಸುರಿಯಿತು. ಚಪ್ಪಾಳೆಯೋ ಚಪ್ಪಾಳೆ.

ಮುಗಿದ ಮೇಲೆ ಕಾರಿಡಾರಿನಲ್ಲಿ ಒಬ್ಬರು ಆಂಟಿ ರಾಜಕುಮಾರಿಯನ್ನು ತಬ್ಬಿಕೊಂಡರು. "ಮೈಕ್ ಹೋದ್ರೂ ಹಾಡು ಬಿಡ್ಲಿಲ್ವಲ್ಲೇ! ಏನು ಗಂಟಲು ನಿಂದು!" ಅಂದರು. ಅವಳು "ಥ್ಯಾಂಕ್ಯೂ ಆಂಟಿ" ಅಂದಳು. ಅನ್ನುವಾಗ ಅವಳ ಕಣ್ಣು ಒಂದು ಕ್ಷಣ ನಮ್ಮವಳ ಕಡೆ ಹೊರಳಿತು. ನಾನು ಬಾಯಿ ತೆಗೆಯುವವನಿದ್ದೆ. ಪುಟ್ಟಿ ನನ್ನ ಶರ್ಟ್ ಹಿಡಿದು ಎಳೆದಳು. "ಬೇಡ ಮಾಮ. ಪಾಪ, ಅವಳೇನು ಮಾಡ್ತಾಳೆ?" ಆಮೇಲೆ, ನಾನು ಕೇಳದೇ ಇದ್ದರೂ ಹೇಳಿದಳು. "ಸೈಡಿಂದ ಅವಳ ಬಾಯಿ ಕಾಣ್ತಿರ್ಲಿಲ್ಲ. ಉಸಿರು ತಗೊಳ್ಳುವಾಗ ಅವಳ ಭುಜ ಮೇಲೆ ಹೋಗುತ್ತೆ. ಅವಳ ಭುಜ ನೋಡ್ಕೊಂಡು ಹಾಡಿದೆ ಮಾಮ."

ಯೋಚನೆ ಮಾಡಿ. ಎರಡು ವಾರ ಆ ಹುಡುಗಿ ಇವಳ ಉಸಿರನ್ನು ಕಲಿತಿದ್ದಳು. ಎಲ್ಲಿ ಎಳೀತಾಳೆ, ಎಲ್ಲಿ ಬಿಡ್ತಾಳೆ, ಎಲ್ಲ. ಕೊನೆಗೆ ಇವಳು ಅದೇ ಉಸಿರನ್ನು ಅವಳ ಭುಜದಿಂದ ವಾಪಸ್ ತಗೊಂಡಳು.

ರಾತ್ರಿ ನಿದ್ದೆ ಬರಲಿಲ್ಲ. ಸುಮ್ನೆ ಹಳೇ ಹಾಡು ಹಾಕಿಕೊಂಡು ಕೂತೆ. ಅಣ್ಣಾವ್ರ ಮುಖ, ಪಿ.ಬಿ. ಶ್ರೀನಿವಾಸ್ ಗಂಟಲು. ಕಾಕಿನಾಡದಲ್ಲಿ ಹುಟ್ಟಿದ ತೆಲುಗು ಮನೆಮಾತಿನ ಮನುಷ್ಯ, ಎರಡು ದಶಕ ಕನ್ನಡದ ನಾಯಕನಿಗೆ ದನಿಯಾದರು. ತಾನು ಶರೀರ, ಪಿ.ಬಿ.ಎಸ್. ಶಾರೀರ ಅಂತ ರಾಜ್‌ಕುಮಾರ್ ಹೇಳುತ್ತಿದ್ದರು ಎನ್ನುವುದು ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. ನಾನೂ ಅದನ್ನು ನೂರು ಸಲ ಕೇಳಿ ತಲೆದೂಗಿದ್ದೇನೆ. ಒಂದು ದೀರ್ಘದ ವ್ಯತ್ಯಾಸ, ಚಂದದ ಮಾತು ಅಂತ ಅಷ್ಟೇ ಅಂದುಕೊಂಡಿದ್ದೆ. ಆ ದೀರ್ಘದಲ್ಲಿ ಒಬ್ಬ ಮನುಷ್ಯ ಇಡೀ ಆಯಸ್ಸು ನಿಂತಿದ್ದ ಅಂತ ಹೊಳೆದದ್ದು ಈ ಶನಿವಾರವೇ.

ಮೊದಮೊದಲು ಹೀಗಿರಲಿಲ್ಲ. ಕನ್ನಡದ ಮೊದಲ ಮಾತಿನ ಚಿತ್ರ, 1934ರ ‘ಸತಿ ಸುಲೋಚನ’ದ ಕಾಲದಲ್ಲಿ ನಟಿಸುವವರೇ ಹಾಡಬೇಕಿತ್ತು. ನಾಟಕದಿಂದ ಬಂದವರಿಗೆ ಅದೇನೂ ಹೊಸದಲ್ಲ. ಕಂಪನಿ ನಾಟಕದಲ್ಲಿ ಹಾಡು ಬಾರದವನಿಗೆ ನಾಯಕನ ಪಾತ್ರ ಯಾರು ಕೊಡುತ್ತಿದ್ದರು? ಹಾಡು ಚೆನ್ನಾಗಿದ್ದರೆ ‘ಒನ್ಸ್ ಮೋರ್’, ಸತ್ತವನೂ ಎದ್ದು ಮತ್ತೆ ಹಾಡಬೇಕು. ಸಿನಿಮಾದಲ್ಲಿ ಕ್ಯಾಮೆರಾ ಓಡುವಾಗಲೇ ಹಾಡಬೇಕು, ಮೈಕ್ ಹತ್ತಿರ ಇರಬೇಕು, ಆದರೆ ಕಾಣಬಾರದು, ವಾದ್ಯದವರು ಮರದ ಮರೆಯಲ್ಲಿ ಅಡಗಿ ಕೂರಬೇಕು. 1935ರಲ್ಲಿ ಕಲ್ಕತ್ತಾದ ನ್ಯೂ ಥಿಯೇಟರ್ಸ್‌ನವರು ‘ಧೂಪ್ ಛಾಂವ್’ ಚಿತ್ರಕ್ಕೆ ಹಾಡನ್ನು ಮೊದಲೇ ಧ್ವನಿಮುದ್ರಿಸಿಕೊಂಡರು. ಅಲ್ಲಿಂದ ಹಾಡುವವರು ಬೇರೆ, ಬಾಯಿ ಆಡಿಸುವವರು ಬೇರೆ ಆಗುವುದಕ್ಕೆ ದಾರಿ ಆಯಿತು.

ಇದು ಮೋಸವಾ? ಭಾನುವಾರ ಪೂರ್ತಿ ನನ್ನ ಜೊತೆ ನಾನೇ ಜಗಳ ಆಡಿದೆ. ಮೋಸ ಅನ್ನೋಣ ಅಂದರೆ ಯಕ್ಷಗಾನ ಅಡ್ಡ ಬಂತು. ಅಲ್ಲೂ ಹಾಡುವವರು ಬೇರೆ, ಕುಣಿಯುವವರು ಬೇರೆ ಅಲ್ವಾ? ಕೃಷ್ಣನ ಪದ ಹೇಳುವುದು ಭಾಗವತರು. ಕೃಷ್ಣ ಕುಣಿಯುತ್ತಾನೆ, ಆಮೇಲೆ ಅರ್ಥ ಹೇಳುತ್ತಾನೆ. "ಅಯ್ಯೋ, ಕೃಷ್ಣ ಹಾಡ್ತಿಲ್ಲ" ಅಂತ ಯಾರಾದರೂ ಎದ್ದು ಹೋಗಿದ್ದುಂಟೇ? ಭಾಗವತರು ರಂಗದ ಮೇಲೇ ಕೂತಿರುತ್ತಾರೆ. ತಲೆಗೆ ಮುಂಡಾಸು, ಕೈಯಲ್ಲಿ ತಾಳ, ಪಕ್ಕದಲ್ಲಿ ಮದ್ದಳೆ, ಚೆಂಡೆ. ಅವರ ಕಣ್ಣು ವೇಷಧಾರಿಯ ಹೆಜ್ಜೆ ಮೇಲೆ. ದಣಿದಿದ್ದಾನೆ ಅನ್ನಿಸಿದರೆ ಪದ ಮುಗಿಸುತ್ತಾರೆ, ಹುರುಪಿನಲ್ಲಿದ್ದರೆ ಅದೇ ಸಾಲನ್ನು ಮತ್ತೆ ಮತ್ತೆ ಎತ್ತಿಕೊಡುತ್ತಾರೆ. ಮೇಳದ ಲೆಕ್ಕದಲ್ಲಿ ಒಂದನೇ ವೇಷ ಅಂದರೆ ಭಾಗವತರೇ. ಬಣ್ಣ ಹಚ್ಚಿಕೊಂಡು ಕುಣಿಯುವ ಮುಖ್ಯ ಕಲಾವಿದ ಎರಡನೇ ವೇಷ. ಬಣ್ಣವನ್ನೇ ಹಚ್ಚದವನಿಗೆ ಮೊದಲ ನಂಬರು! ಇದನ್ನು ಕಟ್ಟಿದ ಹಿರಿಯರಿಗೆ ಕೈಮುಗಿಯಬೇಕು ಅನ್ನಿಸಿತು.

ಹಾಗಾಗಿ ದನಿ ಕೊಡುವುದರ ಮೇಲೆ ನನಗೆ ತಕರಾರಿಲ್ಲ. ಕೂರೋಕೆ ಎಲ್ಲಿ ಜಾಗ ಕೊಟ್ಟಿದ್ದೀರಿ ಅನ್ನೋದೇ ನನ್ನ ಪ್ರಶ್ನೆ. 1949ರ ‘ಮಹಲ್’ ಚಿತ್ರದಲ್ಲಿ ಮಧುಬಾಲಾಗೆ ಹಾಡಿದ್ದು ಲತಾ ಮಂಗೇಶ್ಕರ್. ಗ್ರಾಮಫೋನ್ ತಟ್ಟೆ ಮೇಲೆ ಬರೆದಿದ್ದ ಹೆಸರು ‘ಕಾಮಿನಿ’. ಅದು ಸಿನಿಮಾದ ಪಾತ್ರದ ಹೆಸರು. ರಕ್ತ ಮಾಂಸದ ಹಾಡುಗಾರ್ತಿಯ ಹೆಸರಿರಬೇಕಾದ ಕಡೆ ಕಟ್ಟುಕತೆಯ ಹೆಂಗಸಿನ ಹೆಸರು. ಕೇಳಿದವರು ಸುಮ್ಮನಿರಲಿಲ್ಲ. ಯಾರು ಹಾಡಿದ್ದು ಅಂತ ರೇಡಿಯೊದವರನ್ನು ಪೀಡಿಸಿದರು. ಆಮೇಲೆ ರೇಡಿಯೊದಲ್ಲಿ ಲತಾ ಹೆಸರು ಹೇಳಿದರು. ಫಿಲ್ಮ್‌ಫೇರ್ ಪ್ರಶಸ್ತಿ ಶುರುವಾದದ್ದು 1954ರಲ್ಲಿ, ಹಾಡುವವರಿಗೂ ಒಂದು ಪ್ರಶಸ್ತಿ ಅಂತ ಆದದ್ದು 1959ರಲ್ಲಿ. ನಡುವೆ ಒಮ್ಮೆ ಹಾಡಿನ ಸಂಗೀತಕ್ಕೆ ಪ್ರಶಸ್ತಿ ಬಂದಾಗ, ಸಮಾರಂಭದಲ್ಲಿ ಅದೇ ಹಾಡು ಹಾಡಲು ಲತಾ ಒಪ್ಪಲಿಲ್ಲ. ಹಾಡುವವರಿಗೆ ಪ್ರಶಸ್ತಿ ಇಲ್ಲದ ಮೇಲೆ ನಾನ್ಯಾಕೆ ಹಾಡಲಿ ಅನ್ನುವುದು ಅವರ ವಾದ. ಸರಿಯಾಗೇ ಇದೆ.

ನಮ್ಮ ನಾಟಕದಲ್ಲಿ ಏನಾಯಿತು ಗೊತ್ತಾ? ಕೊನೆಗೆ ಮಿಸ್ ಎಲ್ಲರ ಹೆಸರು ಓದಿದರು. ರಾಜಕುಮಾರಿ, ಮಂತ್ರಿ, ಮೋಡ, ನವಿಲು. ಕೈ ಅಗಲಿಸಿಕೊಂಡು ನಿಂತಿದ್ದ ಮೂರು ಮರಗಳ ಹೆಸರನ್ನೂ ಓದಿದರು. ಅದರಲ್ಲೊಂದು ಮರ ಪೂರ್ತಿ ನಾಟಕ ಆಕಳಿಸುತ್ತಿತ್ತು. ಹಾಡಿದವಳ ಹೆಸರು ಬರಲೇ ಇಲ್ಲ. ಪೋಷಕರ ವಾಟ್ಸಾಪ್ ಗುಂಪಿಗೆ ಮಿಸ್ ಆಮೇಲೆ ಆಡಿಯೊ ಫೈಲ್ ಕಳಿಸಿದರು. ಫೈಲಿನ ಹೆಸರು ‘ರಾಜಕುಮಾರಿ ಫೈನಲ್’. ನಮ್ಮನೆ ಕಾಮಿನಿ ಅದನ್ನು ಡೌನ್‌ಲೋಡ್ ಮಾಡಿಟ್ಟುಕೊಂಡಿದ್ದಾಳೆ.

ಸೋಮವಾರ ತಡೆಯಲಾರದೆ ಕೇಳಿಯೇಬಿಟ್ಟೆ. "ನಿನಗೇ ಯಾಕೆ ರಾಜಕುಮಾರಿ ಪಾತ್ರ ಕೊಡಲಿಲ್ಲ ಪುಟ್ಟಿ?" ಅವಳು ನನ್ನನ್ನು ಪೆದ್ದನನ್ನು ನೋಡುವ ಹಾಗೆ ನೋಡಿದಳು. "ಕೊಟ್ಟಿದ್ರು. ನಾನೇ ಬೇಡ ಅಂದೆ. ಎಲ್ಲರೂ ನೋಡ್ತಿದ್ರೆ ನಂಗೆ ಗಂಟಲು ಒಣಗುತ್ತೆ."

ಹೋಯಿತಲ್ಲ ನನ್ನ ಕತೆ! ಕನ್ನಡಕ, ಹಲ್ಲಿನ ತಂತಿ, ಎಲ್ಲ ನಾನೇ ಕಟ್ಟಿಕೊಂಡದ್ದು. ಎರಡು ದಿನ ಮಿಸ್ಸನ್ನು ಮನಸ್ಸಲ್ಲೇ ಬೈದದ್ದು ದಂಡ. ಪರದೆ ಹಿಂದೆ ನಿಂತವರೆಲ್ಲ ಅಲ್ಲಿಗೆ ತಳ್ಳಿಸಿಕೊಂಡವರು ಅಂತ ಯಾಕೆ ಅಂದುಕೊಂಡೆ? ಕೆಲವರಿಗೆ ಆ ಕತ್ತಲೇ ಹಿತ. ಆ ಕತ್ತಲಲ್ಲೇ ಅವರು ಯಾರು ಬೇಕಾದರೂ ಆಗುತ್ತಾರೆ. ಎಸ್. ಜಾನಕಿ ಮಗುವಿನ ಹಾಗೆ ಹಾಡಿದ್ದನ್ನು ಕೇಳಿ, ಎದುರಿಗೆ ನಿಂತರೆ ನಂಬೋಕಾಗದು. ಎಸ್‌ಪಿಬಿ ಒಬ್ಬೊಬ್ಬ ನಟನಿಗೆ ಒಂದೊಂದು ಗಂಟಲು ಇಟ್ಟುಕೊಂಡಿದ್ದರು. ಕಣ್ಣು ಮುಚ್ಚಿ ಕೇಳಿದರೂ ಇದು ವಿಷ್ಣುವರ್ಧನ್‌ಗೆ, ಇದು ಶಂಕರ್‌ನಾಗ್‌ಗೆ ಅಂತ ಹೇಳಬಹುದಿತ್ತು. ಅದೂ ಭುಜ ನೋಡಿಕೊಂಡು ಹಾಡುವ ವಿದ್ಯೆಯೇ.

"ಆದ್ರೆ ಹೆಸರು ಹೇಳಿದ್ರೆ ಚೆನ್ನಾಗಿರ್ತಿತ್ತು" ಅಂದಳು ಪುಟ್ಟಿ, ಸ್ವಲ್ಪ ಹೊತ್ತಾದ ಮೇಲೆ, ಗೋಡೆ ನೋಡುತ್ತಾ. ಅಷ್ಟೇ. ಮಿಸ್ ಮೇಲಿನ ಸಿಟ್ಟಿನಲ್ಲಿ ಅಷ್ಟನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ನನಗೆ ಬೇಜಾರಿರುವುದು ಈಗಿನ ಟ್ರ್ಯಾಕ್ ಹಾಡುವವರ ವಿಷಯಕ್ಕೆ. ಟ್ಯೂನ್ ಆದ ಕೂಡಲೇ ಯಾರೋ ಹುಡುಗನನ್ನೋ ಹುಡುಗಿಯನ್ನೋ ಕರೆದು ಹಾಡಿಸುತ್ತಾರೆ. ಕೆಲವು ಸಲ ಶೂಟಿಂಗೂ ಆ ದನಿಗೇ ಆಗುತ್ತದೆ. ಆಮೇಲೆ ಮುಂಬೈಯಿಂದ ದೊಡ್ಡ ಗಾಯಕರು ಬಂದು, ಸಾಹಿತ್ಯವನ್ನು ತಮ್ಮ ಲಿಪಿಯಲ್ಲಿ ಬರೆದುಕೊಂಡು, ಆ ಹುಡುಗಿ ಹಾಕಿದ ಸ್ವರದ ಬಳುಕನ್ನೇ ಕೇಳಿಸಿಕೊಂಡು ಹಾಡುತ್ತಾರೆ. ಅವಳ ದನಿ ಅಳಿಸಿಹೋಗುತ್ತದೆ. ನಟಿಗೆ ಹಾಡಿದವಳಿಗೇ ಹಿಂದೊಬ್ಬಳು ಹಾಡುಗಾರ್ತಿ! ದೊಡ್ಡ ಗಾಯಕರ ಹಾಡುಗಳು ನನಗೂ ಇಷ್ಟವೇ, ಸುಳ್ಳು ಹೇಳಲ್ಲ. ಆದರೂ ಒಂದು ಜಾರು, ಒಂದು ಗಮಕ ಕೇಳಿ ಆಹಾ ಅಂದಾಗ, ಇದು ಯಾರದಿರಬಹುದು ಅನ್ನುವ ಅನುಮಾನ ಇನ್ನು ಬಿಡುವುದಿಲ್ಲ.

ಇನ್ನೊಂದು ವಿಷಯ. 1974ರಲ್ಲಿ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ಎಮ್ಮೆ ಮೇಲೆ ಕೂತ ರಾಜ್‌ಕುಮಾರ್ ತಮ್ಮದೇ ಗಂಟಲಲ್ಲಿ ಹಾಡಿದರು. ಜಿ.ಕೆ. ವೆಂಕಟೇಶ್ ಸಂಗೀತ. ಆಮೇಲಿನದು ಗೊತ್ತೇ ಇದೆ. ‘ಜೀವನ ಚೈತ್ರ’ದ ಹಾಡಿಗೆ ರಾಷ್ಟ್ರಪ್ರಶಸ್ತಿ ಬಂತು, ನಟನೆಗಲ್ಲ, ಗಾಯನಕ್ಕೆ. ನಾನು ಆ ಕಂಠದ ಭಕ್ತ. ಆದರೆ ಈ ಕತೆಯನ್ನು ನಾವೆಲ್ಲ ಒಂದೇ ಕಡೆಯಿಂದ ಹೇಳುತ್ತೇವೆ. ಶರೀರಕ್ಕೆ ತನ್ನದೇ ಶಾರೀರ ಸಿಕ್ಕಿತು ಅಂತ ಖುಷಿಪಡುತ್ತೇವೆ. ಆ ಎಮ್ಮೆ ಹಾಡು ಊರೂರಲ್ಲಿ ಮೊಳಗುವಾಗ ಮದ್ರಾಸಿನಲ್ಲಿ ಪಿ.ಬಿ.ಎಸ್. ಅದನ್ನು ಹೇಗೆ ಕೇಳಿಸಿಕೊಂಡಿರಬಹುದು? ಅಣ್ಣಾವ್ರ ಹಾಡುಗಳು ಮೆಲ್ಲಗೆ ಅವರ ಕೈತಪ್ಪಿದವು. ವಯಸ್ಸಾದ ಮೇಲೆ ಜೇಬು ತುಂಬ ಪೆನ್ನು ಇಟ್ಟುಕೊಂಡು, ವುಡ್‌ಲ್ಯಾಂಡ್ಸ್ ಡ್ರೈವ್‌ಇನ್‌ ಹೋಟೆಲಿನಲ್ಲಿ ಕೂತು ಕವಿತೆ ಬರೆಯುತ್ತಿದ್ದರು. ಆ ಚಿತ್ರ ನೆನಪಾದಾಗಲೆಲ್ಲ ಎದೆ ಭಾರವಾಗುತ್ತಿತ್ತು. ಈಗ ಅದೂ ನನ್ನದೇ ಊಹೆಯಾ ಅನ್ನಿಸುತ್ತಿದೆ. ಅವರು ಬಹುಶಃ ಆರಾಮಾಗೇ ಇದ್ದರೇನೋ. ಪುಟ್ಟಿ ವಿಷಯದಲ್ಲಿ ಒಮ್ಮೆ ಬೇಸ್ತು ಬಿದ್ದ ಮೇಲೆ ಯಾರ ಪರವಾಗಿಯೂ ಮರುಗಲು ಧೈರ್ಯ ಸಾಲದು.

ನಿನ್ನೆ ಸಂಜೆ ಅಕ್ಕನ ಮನೆಗೆ ಹೋದೆ. ಬಾಗಿಲಲ್ಲೇ ಭಯಂಕರ ಅಪಶ್ರುತಿ ಕಿವಿಗೆ ಬಡಿಯಿತು. ಒಳಗೆ ನೋಡಿದರೆ ಜಡೆ ಹುಡುಗಿ ಕಿಟಕಿ ಪರದೆ ಹಿಂದೆ ನಿಂತು ಅದೇ ಮಳೆ ಹಾಡು ಹಾಡುತ್ತಿದ್ದಾಳೆ. ಶ್ರುತಿ ಒಂದು ಕಡೆ, ತಾಳ ಇನ್ನೊಂದು ಕಡೆ. ಪರದೆ ಮುಂದೆ ನಮ್ಮ ಪುಟ್ಟಿ ಕನ್ನಡಕ ಹಾಕಿಕೊಂಡು, ತಲೆಗೆ ಅಕ್ಕನ ದುಪಟ್ಟಾ ಸುತ್ತಿಕೊಂಡು, ಆಕಾಶಕ್ಕೆ ಕೈ ಎತ್ತಿ ಬಾಯಿ ಆಡಿಸುತ್ತಿದ್ದಾಳೆ. ಅವಳು ಎಲ್ಲಿ ಸ್ವರ ತಪ್ಪಿದರೆ ಇವಳ ಮುಖವೂ ಅಲ್ಲೇ ಸೊಟ್ಟ ಆಗುತ್ತಿದೆ. ನನ್ನನ್ನು ನೋಡಿಯೂ ನಿಲ್ಲಿಸಲಿಲ್ಲ. ಚರಣ ಶುರುವಾಗುವ ಮುಂಚೆ ಎರಡೂ ಭುಜ ಎತ್ತಿ, ದೊಡ್ಡದಾಗಿ ಉಸಿರು ಎಳೆದುಕೊಂಡಳು.